ತಮ್ಮ ಓಡಿಸಿದ ಜೀಪು, ನಾನು ಬಿಚ್ಚಿದ ಪಂಪು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದ ಗಾಡಿಗಳನ್ನು ಅಲ್ಲಲ್ಲಿ ಏಲಂ ಹಾಕಿದರು. ಫಳ್ನೀರಿನ ನಮ್ಮ ಮನೆಗೆ ಜೀಪು ಬಂದದ್ದು ಹಾಗೆ. ಏಲಮಿನಲ್ಲಿ ಕೂಗಿ ಕೊಂಡವರು ನನ್ನ ಸೋದರಮಾವ. ಬೆಂಗಳೂರಿನಿಂದ ಘಟ್ಟ ಇಳಿಸಿ ತಂದವನು ನನ್ನ ಚಿಕ್ಕಮ್ಮನ ಮಗ, ವರಸೆಯಲ್ಲಿ ನನಗೆ ತಮ್ಮ. ಗೇಟಿನ ಹತ್ತಿರ ನಿಂತು ನೋಡಿದವನು ನಾನು.

ಬೀದಿಯವರೆಲ್ಲ ಸೇರಿದ್ದರು. ಬಾನೆಟ್ಟಿನ ಮೇಲೆ ಹಸಿರು ಬಣ್ಣ ಬಳಿದಿದ್ದರೂ ಒಳಗಿನ ಬಿಳಿ ನಕ್ಷತ್ರ ಎದ್ದು ಕಾಣುತ್ತಿತ್ತು. ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ, ಸ್ಟಿಯರಿಂಗ್ ಎಡಗಡೆಗೆ. ನನ್ನ ತಮ್ಮ ಖಾಕಿ ಅಂಗಿಯ ತೋಳು ಮಡಚಿ, ಮುಖದ ತುಂಬ ಘಟ್ಟದ ಕೆಂಪು ಧೂಳು ಮೆತ್ತಿಕೊಂಡು, ಕುದುರೆಯಿಂದ ಇಳಿಯುವವನ ಹಾಗೆ ಒಂದು ಕಾಲು ಎತ್ತಿ ಹಾಕಿ ಕೆಳಗಿಳಿದ. ನನ್ನ ಅಮ್ಮ ಓಡಿ ಬಂದು ಅವನ ಎರಡೂ ಕೆನ್ನೆ ಹಿಡಿದುಕೊಂಡಳು. ಚಿಕ್ಕಮ್ಮ ತೀರಿದ ಮೇಲೆ ಅವನನ್ನು ಸಾಕಿದವಳು ಅವಳೇ. ನನ್ನ ಕೆನ್ನೆಯನ್ನು ಅವಳು ಹಾಗೆ ಹಿಡಿದದ್ದು ನನಗೆ ನೆನಪಿಲ್ಲ.

ಆ ಗಾಡಿಗೆ ಬೀಗದ ಕೈಯೇ ಇರಲಿಲ್ಲ. ಒಂದು ಸ್ವಿಚ್ಚು ತಿರುಗಿಸಿ ಕಾಲಿನಿಂದ ಗುಂಡಿ ಒತ್ತಿದರೆ ಚಾಲೂ. ಯುದ್ಧದಲ್ಲಿ ಬೀಗದ ಕೈ ಹುಡುಕುತ್ತ ಕೂರಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ ಎಂದು ಅವನು ನೆರೆದವರಿಗೆ ವಿವರಿಸಿದ. ಎಲ್ಲರೂ ನಕ್ಕರು. ಅವನು ಏನು ಹೇಳಿದರೂ ಆ ದಿನ ಜನ ನಗಲಿಕ್ಕೆ ತಯಾರಾಗಿಯೇ ನಿಂತಿದ್ದರು.

ನಮ್ಮದು ಅಳಿಯಕಟ್ಟಿನ ಮನೆ. ಮಾವನ ಆಸ್ತಿ, ಮಾವನ ಕೆಲಸ, ಮಾವನ ಕುರ್ಚಿ ಎಲ್ಲವೂ ಇಳಿಯುವುದು ಅಕ್ಕತಂಗಿಯರ ಗಂಡುಮಕ್ಕಳಿಗೆ. ನಮ್ಮ ಮಾವನಿಗೆ ಅಂಥ ಅಳಿಯಂದಿರು ಇಬ್ಬರೇ, ನಾನು ಮತ್ತು ಅವನು. ಅವರದ್ದು ಹಂಚಿನ ಕಾರ್ಖಾನೆಗಳಿಗೆ ಸೌದೆ ಒದಗಿಸುವ ವ್ಯಾಪಾರ. ತಮ್ಮ ಮಿಲಿಟರಿ ಸೇರಿ ಡ್ರೈವರನಾಗಿ ಎಲ್ಲೆಲ್ಲೋ ತಿರುಗುತ್ತಿದ್ದ ವರ್ಷಗಳಲ್ಲಿ ಈ ವ್ಯಾಪಾರಕ್ಕೆ ಕಾಲು ಸವೆಸಿದವನು ನಾನು. ಮೂಡುದಿಕ್ಕಿನ ಗುಡ್ಡಗಳಿಗೆ ಎತ್ತಿನಗಾಡಿಯಲ್ಲಿ ಹೋಗಿ, ಗಾಡಿ ಹೋಗದ ಕಡೆ ನಡೆದು, ಮರ ಕಡಿಯುವವರ ಜೊತೆ ಗಂಜಿ ಉಂಡು, ಅಲ್ಲೇ ಮಲಗಿ ಬರುತ್ತಿದ್ದೆ. ಪೆಟ್ರೋಲು ಸಿಗದ ಕಾಲ. ಲಾರಿಗಳೇ ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬುಳಗಳನ್ನು ಕಿತ್ತು ಎಸೆಯುವಾಗ ನಾನು ಅಂದುಕೊಳ್ಳುತ್ತಿದ್ದೆ, ಮಾವ ಇದನ್ನೆಲ್ಲ ನೋಡುತ್ತಿದ್ದಾರೆ ಎಂದು.

ಜೀಪು ಬಂದ ಸಂಜೆ ಊಟಕ್ಕೆ ಕೂತಾಗ ಮಾವ ಹೇಳಿದರು, “ನಾಳೆಯಿಂದ ಗುಡ್ಡದ ಕೆಲಸ ಇವ ನೋಡ್ಲಿ. ನೀನು ಇಲ್ಲಿ ಡಿಪೊದಲ್ಲಿ ಸೌದೆ ಅಟ್ಟಿ ಹಾಕಿಸು. ನಿನಗೂ ಸ್ವಲ್ಪ ಆರಾಮ ಆಗ್ತದೆ.”

ಆರಾಮ! ಅದೇ ಹೊತ್ತಿಗೆ ಅಮ್ಮ ಕಾಣೆ ಮೀನಿನ ನಡುತುಂಡನ್ನು ಅವನ ಬಟ್ಟಲಿಗೆ ಹಾಕಿ, ಬಾಲದ ಕಡೆಯದನ್ನು ನನ್ನ ಬಟ್ಟಲಿಗೆ ಹಾಕಿದಳು. ಅವನು ತಕ್ಷಣ ತನ್ನ ತುಂಡನ್ನು ಎತ್ತಿ ನನ್ನ ಕಡೆ ಚಾಚಿದ. “ಅಣ್ಣ, ನೀವು ತೆಕ್ಕೊಳ್ಳಿ.”

“ನನಗೆ ಬೇಡ. ನೀನೇ ತಿನ್ನು,” ಅಂದೆ.

ಅವನ ಗುಣವೇ ಹಾಗೆ. ಹಮ್ಮು ಬಿಮ್ಮು ಏನೂ ಇಲ್ಲ. ನನಗೆ ಎದುರಾಡಿದವನಲ್ಲ, ‘ನೀವು’ ಬಿಟ್ಟು ಮಾತಾಡಿದವನಲ್ಲ. ಸ್ವಲ್ಪವಾದರೂ ಜಂಬ ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗಬಹುದಿತ್ತು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಒಂಟಿ ಕೆಲಸ.

ನಾನು ಎರಡು ದಿನ ಹಿಡಿದು ಮುಗಿಸುತ್ತಿದ್ದ ಕೆಲಸವನ್ನು ಅವನು ಮಧ್ಯಾಹ್ನದೊಳಗೆ ಮುಗಿಸಿ ಬರುತ್ತಿದ್ದ. ಕಲ್ಲು, ಕೆಸರು, ತೋಡು ಯಾವುದೂ ಆ ಗಾಡಿಗೆ ಅಡ್ಡಿಯಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ, ಆದ್ದರಿಂದ ಹೂತುಹೋದರೂ ತಾನೇ ಎದ್ದು ಬರುತ್ತದೆ ಎಂದು ಮಾವ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಾನು ಡಿಪೊದಲ್ಲಿ ಸೌದೆಯ ರಾಶಿಗಳ ನಡುವೆ ನಿಂತು, ಆ ಎಂಜಿನ್ನಿನ ಸದ್ದು ರಸ್ತೆಯ ತಿರುವಿನಲ್ಲಿ ಕೇಳಿದ ಕೂಡಲೇ ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. ಆ ಸದ್ದಿಗೆ ಡಿಪೊದ ಆಳುಗಳ ಮುಖ ಅರಳುತ್ತಿದ್ದುದನ್ನು ನೋಡಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಇಷ್ಟು ಸಾಲದು ಎಂಬ ಹಾಗೆ ನನ್ನ ಹೆಂಡತಿಯೂ ಜೀಪು ಹತ್ತಿದಳು.

ಅವಳ ತವರು ಕಾಟಿಪಳ್ಳ. ಆಗ ಅದು ಗದ್ದೆ, ಗುಡ್ಡ, ಅಲ್ಲೊಂದು ಇಲ್ಲೊಂದು ಮನೆಯ ಹಳ್ಳಿ. ಅವಳ ತಾಯಿಗೆ ಜ್ವರ ಎಂದು ಸುದ್ದಿ ಬಂತು. ಅಮ್ಮ ಅವಳನ್ನು ಕರೆದುಕೊಂಡು ಹೊರಟಳು, ತಮ್ಮ ಗಾಡಿ ಓಡಿಸಿದ. ಕೂಳೂರಿನಲ್ಲಿ ಹೊಳೆಗೆ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿ, ಅದರ ಮೇಲೆ ಗಾಡಿಗಳನ್ನು ದಾಟಿಸುತ್ತಿದ್ದರು. ಸಂಜೆ ಮರಳಿ ಬಂದ ಹೆಂಡತಿ ಬೇರೆ ಮಾತೇ ಆಡಲಿಲ್ಲ.

“ನಿಮ್ಮ ತಮ್ಮ ಓಡಿಸುದು ನೀವು ನೋಡ್ಬೇಕು ಮಾರಾಯ್ರೆ. ಆ ದೋಣಿಯ ಹಲಗೆಗೆ ಗಾಡಿ ಹತ್ತಿಸುವಾಗ ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಡುವಾಗ ಹತ್ತಿ ಆಗಿತ್ತು. ಒಂದು ಚೂರು ಅಲುಗಿದ್ದು ಗೊತ್ತಾಗ್ಲಿಲ್ಲ.”

“ನಿನ್ನಮ್ಮನಿಗೆ ಹೇಗುಂಟು?”

“ಜ್ವರ ಬಿಟ್ಟಿದೆ. ಅಮ್ಮನಿಗೂ ಅವನನ್ನು ತುಂಬಾ ಇಷ್ಟ ಆಯ್ತು.”

ಅದಾದ ಮೇಲೆ ಅವಳಿಗೆ ತವರಿನ ನೆನಪು ಪದೇ ಪದೇ ಬರತೊಡಗಿತು. ಮಾವಿನ ಮಿಡಿ ತರಬೇಕು, ಹಳೆಯ ಸೀರೆ ಕೊಡಬೇಕು, ಹಸು ಕರು ಹಾಕಿದೆಯಂತೆ ನೋಡಬೇಕು. ಪ್ರತಿ ಸಲವೂ ಅಮ್ಮ ಜೊತೆಗೆ ಹೋಗುತ್ತಿದ್ದಳು, ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ರಾತ್ರಿ ಮಲಗುವ ಮುಂಚೆ ಅವಳು ಕೇಳುತ್ತಿದ್ದ ಪ್ರಶ್ನೆಗಳು ನನ್ನನ್ನು ಸುಡುತ್ತಿದ್ದವು. “ನಿಮ್ಮ ತಮ್ಮನಿಗೆ ಸಿಟ್ಟು ಬರುದುಂಟಾ? ನಾನು ನೋಡಿದ್ದೇ ಇಲ್ಲ.” “ಮಿಲಿಟರಿಯವರು ಕುಡಿತಾರೆ ಅಂತಾರಲ್ಲ, ಅವ ಕುಡಿತಾನಾ?” “ಅವನಿಗೆ ಸಿಹಿ ಇಷ್ಟವಾ, ಖಾರವಾ?”

ನನಗೆ ಸಿಹಿ ಇಷ್ಟವೋ ಖಾರವೋ ಎಂದು ಮದುವೆಯಾದ ಮೇಲೆ ಅವಳು ಒಮ್ಮೆಯೂ ಕೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಜೀಪು ನಿಂತಿದ್ದ ಜಾಗದಲ್ಲಿ, ಮುಂಭಾಗದ ಕೆಳಗೆ ನೆಲ ಒದ್ದೆಯಾಗಿದ್ದುದನ್ನು ನೋಡಿದೆ. ಬಗ್ಗಿ ನೋಡಿದರೆ ಫ್ಯಾನಿನ ಹಿಂದಿನಿಂದ ನೀರು ಹನಿಹನಿಯಾಗಿ ಬೀಳುತ್ತಿತ್ತು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದಾಗ ದೋಸೆ ಮುರಿಯುತ್ತ, ದೊಡ್ಡ ಸಂಗತಿಯೇನೂ ಅಲ್ಲ ಎಂಬ ಹಾಗೆ ಹೇಳಿದೆ, “ಗಾಡಿ ಸೋರ್ತಾ ಉಂಟು.”

ಮಾವ ತಲೆ ಎತ್ತಿದರು. ತಮ್ಮ ಮೆಲ್ಲಗೆ ಹೇಳಿದ, “ಗೊತ್ತುಂಟು ಅಣ್ಣ. ನೀರಿನ ಪಂಪಿನಿಂದ. ಸ್ವಲ್ಪ ಸ್ವಲ್ಪ. ನೋಡುವ.”

ಸ್ವಲ್ಪ ಸ್ವಲ್ಪ ಹೋಗಿ ಧಾರೆಯಾಯಿತು. ರೇಡಿಯೇಟರಿನ ನೀರನ್ನು ಎಂಜಿನ್ನಿನ ಸುತ್ತ ತಿರುಗಿಸುವುದು ಆ ಪಂಪು. ಅದು ಸೋರಿದರೆ ಎಂಜಿನ್ ಕಾದು ಕುದಿಯುತ್ತದೆ. ತಮ್ಮ ಸೀಮೆಎಣ್ಣೆ ಡಬ್ಬಿಗಳಲ್ಲಿ ನೀರು ತುಂಬಿಕೊಂಡು ಹೊರಡುತ್ತಿದ್ದ. ದಾರಿಯಲ್ಲಿ ಸಿಕ್ಕಿದ ಬಾವಿ, ಕೆರೆ, ತೋಡುಗಳಲ್ಲೆಲ್ಲ ನಿಲ್ಲಬೇಕು. ಒಂದು ದಿನ ಗುಡ್ಡದಲ್ಲಿ ಗಾಡಿ ಕೈಕೊಟ್ಟು ಅವನು ನಡೆದೇ ಬಂದ. ನಾನು ನಡೆಯುತ್ತಿದ್ದ ಅದೇ ದಾರಿ. ಅವನ ಬೂಟಿಗೆ ಮೆತ್ತಿದ ಕೆಸರನ್ನು ನಾನು ಕಣ್ಣುತುಂಬ ನೋಡಿದೆ.

ಸೌದೆ ಬರುವುದು ತಡವಾಗತೊಡಗಿತು. ಕಾರ್ಖಾನೆಯ ಲೆಕ್ಕ ಬರೆಯುವ ರೈಟರು ಬಂದು ಜಗಲಿಯಲ್ಲಿ ಕೂತು, ಗೂಡಿಗೆ ಬೆಂಕಿ ಹಾಕಲಿಕ್ಕೆ ಸೌದೆ ಇಲ್ಲ ಎಂದು ಜೋರು ಮಾಡಿದರು. ಬಸ್ಸು ರಿಪೇರಿ ಮಾಡುವ ಒಬ್ಬರನ್ನು ಕರೆಸಿದರೆ, ಇದು ಅಮೇರಿಕದವರ ಗಾಡಿ, ಮದ್ರಾಸಿನಿಂದ ಹೊಸ ಪಂಪೇ ಬರಬೇಕು, ಯಾವಾಗ ಬರುತ್ತದೋ ಹೇಳಲಿಕ್ಕಾಗದು ಎಂದು ಕೈಚೆಲ್ಲಿ ಹೋದರು.

ಮಾವ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಹೇಳಿದೆ, “ನಾನು ಬಿಚ್ಚಿ ನೋಡ್ತೇನೆ.”

“ನೀನಾ? ಓಡಿಸ್ಲಿಕ್ಕೇ ಗೊತ್ತಿಲ್ಲ, ಬಿಚ್ಚುದೆಂತ?”

“ತೋಟದ ಎಣ್ಣೆ ಎಂಜಿನ್ನಿನ ಪಂಪು ಇಷ್ಟು ವರ್ಷ ಯಾರು ಬಿಚ್ಚಿದ್ದು ಮಾವ?”

ಅದು ನಿಜವಾಗಿತ್ತು. ತೆಂಗಿನ ತೋಟಕ್ಕೆ ನೀರೆತ್ತುವ ಪಂಪು ಸೋರಿದರೆ, ಅದರ ತಿರುಗುವ ದಂಡ ಹೊರಬರುವ ಕಡೆ ಗ್ರೀಸು ಹಚ್ಚಿದ ಹತ್ತಿಹಗ್ಗ ಸುತ್ತಿ ಬಿಗಿಯುವವನು ನಾನೇ. ಪಂಪು ಪಂಪೇ ಅಲ್ಲವೇ, ಸಣ್ಣದಿರಬಹುದು ಎಂದು ನನ್ನ ಧೈರ್ಯ.

“ಮಾಡು,” ಅಂದರು ಮಾವ. ತಮ್ಮ, “ಅಣ್ಣ, ನಾನೂ ಬರ್ತೇನೆ,” ಅಂದ. “ಬೇಡ,” ಅಂದೆ. ಇದೊಂದು ಕೆಲಸದಲ್ಲಾದರೂ ಅವನ ನೆರಳು ಬೀಳಬಾರದಿತ್ತು.

ನೀರು ಇಳಿಸಿದೆ. ಬೆಲ್ಟು ಸಡಿಲಿಸಿ ತೆಗೆದೆ. ಫ್ಯಾನು ಬಿಚ್ಚುವಾಗ ಸ್ಪಾನರ್ ಜಾರಿ ಬೆರಳ ಗೆಣ್ಣುಗಳು ರೇಡಿಯೇಟರಿನ ತಗಡಿಗೆ ತಾಗಿ ಚರ್ಮ ಸುಲಿಯಿತು. ಕೊನೆಗೆ ಎಂಜಿನ್ನಿಗೆ ಕಚ್ಚಿದ ಬೋಲ್ಟುಗಳು. ಪಂಪು ಕೈಗೆ ಬಂದಾಗ ಅದು ತೆಂಗಿನಕಾಯಿಗಿಂತ ಚಿಕ್ಕದಾಗಿತ್ತು. ಇಷ್ಟಕ್ಕಾಗಿ ಇಷ್ಟು ಗಲಾಟೆ! ಹಿಂದೆ ನೀರು ತಳ್ಳುವ ರೆಕ್ಕೆಚಕ್ರವನ್ನು ಬಡಿದು ಬಡಿದು ಹೊರತೆಗೆದರೆ ಒಳಗೆ ಹಗ್ಗವೂ ಇಲ್ಲ, ಗಿಗ್ಗವೂ ಇಲ್ಲ. ಒಂದು ಸ್ಪ್ರಿಂಗು, ಅದರ ಸುತ್ತ ಹರಿದ ರಬ್ಬರು, ಮುಂದೆ ಒಂದು ಕಪ್ಪು ಬಳೆ. ಬಳೆ ಎರಡು ತುಂಡಾಗಿತ್ತು. ನೀರು ಹೊರಗೆ ಬಾರದ ಹಾಗೆ ತಡೆಯುವ ಸೀಲು ಅದೇ. ಅಂಥದ್ದನ್ನು ನಾನು ಕಂಡಿರಲಿಲ್ಲ. ಆದರೂ ಹಿಂದೆಗೆಯುವ ಮನಸ್ಸಾಗಲಿಲ್ಲ. ಅದನ್ನೆಲ್ಲ ತೆಗೆದುಹಾಕಿ, ತೋಟದ ಪಂಪಿಗೆ ಮಾಡುವ ಹಾಗೆ ಗ್ರೀಸಿನ ಹಗ್ಗ ತುರುಕಿ ಜೋಡಿಸಿದೆ. ಎಂಜಿನ್ ಚಾಲೂ ಮಾಡಿಸಿದರೆ ಒಂದು ಹನಿ ಬೀಳಲಿಲ್ಲ. ನಾನು ಅಂಗಳದಲ್ಲಿ ಎದೆಯುಬ್ಬಿಸಿ ನಿಂತೆ.

ಮರುದಿನ ಸುರತ್ಕಲ್ಲಿನ ಕಡೆ ಒಂದು ಮದುವೆ. ಮಾವ ಜರಿಯ ಶಾಲು ಹೊದ್ದು ಮುಂದೆ ಕೂತರು, ಹಿಂದೆ ಅಮ್ಮ, ಹೆಂಡತಿ, ನಾನು. ಕೂಳೂರಿನ ದೋಣಿಕಡವು ಕಾಣುವವರೆಗೂ ನನ್ನ ರಾಜ್ಯಭಾರ. ಅಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಹೊಗೆಯಂಥ ಹಬೆ ಎದ್ದಿತು. ತಮ್ಮ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ನನ್ನ ಹಗ್ಗ ನುಚ್ಚುನುಚ್ಚಾಗಿ ಹೊರಗೆ ಬಂದು ಫ್ಯಾನಿಗೆ ಸಿಕ್ಕಿ, ಗ್ರೀಸೂ ಬಿಸಿನೀರೂ ಎಂಜಿನ್ನಿನ ತುಂಬ ರಾಚಿತ್ತು. ಕೆಲವು ಹನಿ ಮಾವನ ಶಾಲಿಗೂ ಹಾರಿತು. ದೋಣಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು.

ಮಾವ ನನ್ನ ಕಡೆ ತಿರುಗಿದರು. “ತೋಟದ ಪಂಪು ಅಂತೆ! ಇದೆಂತ ತೆಂಗಿಗೆ ನೀರು ಬಿಡುವ ಮೆಶಿನಾ?”

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ, “ಅಣ್ಣನದ್ದು ತಪ್ಪಲ್ಲ ಮಾವ. ಅವರಿಗೆ ಸರಿಯಾದ ಸಾಮಾನು ಎಲ್ಲಿ ಸಿಕ್ಕಿದೆ? ನಾನೇ ಜೋರು ಓಡಿಸಿದ್ದು.”

ಅವನು ಜೋರು ಓಡಿಸಿರಲಿಲ್ಲ. ಹೊಳೆಯ ದಂಡೆಯಲ್ಲಿ, ಅಷ್ಟು ಜನರ ಮುಂದೆ, ಹೆಂಡತಿಯ ಕಣ್ಣೆದುರಿಗೆ ಅವನು ನನ್ನನ್ನು ಕಾಪಾಡಿದ. ಮಾವ ಬೈದದ್ದನ್ನು ನಾನು ಮರೆತೇನು, ಇದನ್ನು ಮರೆಯಲಿಕ್ಕೆ ಆಗುವುದಿಲ್ಲ ಎಂದು ಆಗಲೇ ಅನಿಸಿತು. ಮದುವೆಯ ಮನೆಗೆ ಮಾವ ಎತ್ತಿನಗಾಡಿಯಲ್ಲಿ ಹೋದರು.

ಮರುದಿನವೇ ನಾನು ಬಂದರಿಗೆ ಹೋದೆ. ಅಲ್ಲಿ ನನಗೆ ಪರಿಚಯದ ಬ್ಯಾರಿ ವ್ಯಾಪಾರಿಯೊಬ್ಬರಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಒಣಮೀನು, ಹಗ್ಗ ಮಾರುವ ಮನೆತನ. ಮಿಲಿಟರಿಯ ಏಲಮಿನಲ್ಲಿ ಅವರೂ ಕೈಯಾಡಿಸಿ, ಮುರಿದ ಗಾಡಿಗಳ ಸಾಮಾನನ್ನು ರಾಶಿಗಟ್ಟಲೆ ತಂದು ಗೋದಾಮಿನಲ್ಲಿ ಸುರಿದಿದ್ದರು. ಎಂತ ಉಂಟು, ಎಂತ ಇಲ್ಲ ಎಂದು ಅವರಿಗೇ ಗೊತ್ತಿರಲಿಲ್ಲ. ತುಂಡಾದ ಕಪ್ಪು ಬಳೆಯನ್ನು ಅವರ ಅಂಗೈಯಲ್ಲಿಟ್ಟೆ.

“ಇಂಥದ್ದು ಬೇಕಿತ್ತು ಸಾಹೇಬ್ರೆ.”

“ಇದೆಂತ, ಹೆಂಗಸರ ಬಳೆಯಾ?” ಅವರು ತಿರುಗಿಸಿ ಮುರುಗಿಸಿ ನೋಡಿದರು. “ಜೀಪಿನದ್ದಾ? ನಿಮ್ಮ ತಮ್ಮನಿಗೆ ಬೇಕಿದ್ರೆ ಅವನೇ ಬರ್ಲಿಕ್ಕಿಲ್ವಾ? ಒಳ್ಳೆ ಜನ. ಮೊನ್ನೆ ನನ್ನ ಉಮ್ಮನನ್ನು ಉಳ್ಳಾಲದ ಕಡವಿನವರೆಗೆ ಬಿಟ್ಟು ಬಂದ.”

“ರಿಪೇರಿ ಮಾಡುದು ನಾನು. ಅವನಲ್ಲ.”

ನನ್ನ ಧ್ವನಿಯಲ್ಲಿ ಏನು ಕೇಳಿಸಿತೋ, ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. “ಹೊಟ್ಟೆ ಉರಿ ಉಂಟು ಮಾರಾಯ್ರೆ ನಿಮಗೆ. ಇರ್ಲಿ, ನನಗೂ ಉಂಟು, ನನ್ನ ಭಾವನ ಮೇಲೆ. ಅವನ ಅಂಗಡಿ ನೋಡಿದ್ರೆ ನನಗೆ ನಿದ್ದೆ ಬರುದಿಲ್ಲ. ಬನ್ನಿ, ಹುಡುಕುವ.”

ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ತುಕ್ಕಿನ ರಾಶಿ ಕೆದಕಿದೆವು. ಗೋದಾಮಿನಲ್ಲಿ ಒಣಮೀನಿನ ವಾಸನೆ, ಹಳೆ ಎಣ್ಣೆಯ ವಾಸನೆ. ಕೊನೆಗೆ ಒಂದು ಮರದ ಪೆಟ್ಟಿಗೆಯ ತಳದಲ್ಲಿ ಮೇಣದ ಕಾಗದ ಸುತ್ತಿದ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಸ್ಪ್ರಿಂಗು, ರಬ್ಬರು, ಹೊಳೆಯುವ ಕಪ್ಪು ಬಳೆ. ಹೊಚ್ಚಹೊಸದು. ನಾನು ಅದನ್ನು ಹಕ್ಕಿಯ ಮೊಟ್ಟೆಯ ಹಾಗೆ ಹಿಡಿದುಕೊಂಡೆ.

“ತೆಕ್ಕೊಂಡು ಹೋಗಿ,” ಅಂದರು ಅವರು. “ಸರಿಯಾದ್ರೆ ನನ್ನನ್ನೊಮ್ಮೆ ಭಾವನ ಅಂಗಡಿಯ ಮುಂದೆ ಆ ಗಾಡಿಯಲ್ಲಿ ಕೂರಿಸಿ ಓಡಿಸ್ಬೇಕು.”

ಮರುದಿನ ಬೆಳಿಗ್ಗೆ ಹಲಸಿನ ಮರದ ಕೆಳಗೆ ಗೋಣಿ ಹಾಸಿ ಮತ್ತೆ ಕೂತೆ. ಈ ಸಲ ಅವಸರ ಮಾಡಲಿಲ್ಲ. ಪಂಪು ಬಿಚ್ಚಿ, ಒಳಗಿನ ಕೊಳೆ ತೊಳೆದು, ಸೀಲಿನ ಬಳೆ ಒತ್ತಿ ಕೂರುವ ಜಾಗಕ್ಕೆ ಬೆರಳು ಆಡಿಸಿದೆ. ಉಗುರಿಗೆ ಏನೋ ತಡೆಯಿತು. ಬಿಸಿಲಿಗೆ ಹಿಡಿದು ನೋಡಿದರೆ, ಮುರಿದ ಬಳೆ ತಿರುಗಿ ತಿರುಗಿ ಕಬ್ಬಿಣದಲ್ಲಿ ಒಂದು ಗೀರು ಕೊರೆದಿತ್ತು, ಹಳೆಯ ಬಾವಿಯ ಕಟ್ಟೆಯಲ್ಲಿ ಹಗ್ಗ ಕೊರೆಯುವ ಹಾಗೆ. ಇದರ ಮೇಲೆ ಹೊಸ ಬಳೆ ಕೂರಿಸಿದರೂ ಆ ಗೀರಿನಿಂದ ನೀರು ನುಸುಳುತ್ತದೆ. ಒಂದು ಹಲಸಿನ ತುಂಡನ್ನು ಆ ಗುಂಡಿಗೆ ಸರಿಯಾಗಿ ಇಳಿಯುವ ಹಾಗೆ ಕೆತ್ತಿ, ಅದರ ತುದಿಗೆ ಬಡಗಿಗಳ ಮರಳುಕಾಗದ ಅಂಟಿಸಿ, ಎಣ್ಣೆ ಬಿಟ್ಟು, ಕಡಗೋಲಿನ ಹಾಗೆ ತಿರುವತೊಡಗಿದೆ. ತಿರುವುವುದು, ಒರೆಸುವುದು, ಉಗುರಿನಿಂದ ನೋಡುವುದು. ಬಿಸಿಲು ಮೇಲೇರಿ ಬೆನ್ನಿಗೆ ಬಂತು. ಉಗುರಿಗೆ ಏನೂ ತಡೆಯದ ಹಾಗೆ ಆದಾಗ ನನ್ನ ಅಂಗೈಯಲ್ಲಿ ಗುಳ್ಳೆಗಳು ಎದ್ದಿದ್ದವು.

ಹೊಸ ಸೀಲನ್ನು ಒಳಗೆ ಕೂರಿಸಿದೆ. ಇನ್ನು ರೆಕ್ಕೆಚಕ್ರವನ್ನು ದಂಡಕ್ಕೆ ಬಡಿದು ಸೇರಿಸಬೇಕು. ಎಷ್ಟು ಆಳಕ್ಕೆ ಎಂದು ಬಿಚ್ಚುವಾಗಲೇ ದಂಡದ ಮೇಲೆ ಗೀರು ಹಾಕಿಟ್ಟಿದ್ದೆ. ಹೆಚ್ಚು ಹೋದರೆ ಗೋಡೆಗೆ ಉಜ್ಜುತ್ತದೆ, ಕಡಿಮೆಯಾದರೆ ಸೀಲಿಗೆ ಒತ್ತು ಸಾಲದು. ಸ್ಪ್ರಿಂಗು ತಳ್ಳುತ್ತಿತ್ತು, ಪಂಪು ಜಾರುತ್ತಿತ್ತು. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಡಿಯುವುದು ಆಗುವ ಮಾತಾಗಿರಲಿಲ್ಲ. ಎರಡು ಸಲ ಜಾರಿ ಬೆರಳು ಜಜ್ಜಿತು. ತಲೆ ಎತ್ತಿ ನೋಡಿದರೆ ತಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಅಣ್ಣ, ಹಿಡೀಲಿಕ್ಕಾದ್ರೂ ಬರ್ಲಾ?”

ನಾನು ಗೋಣಿಯ ಮೇಲಿನ ಸಾಮಾನನ್ನು ಬದಿಗೆ ಸರಿಸಿದೆ. ಅದನ್ನೇ ಒಪ್ಪಿಗೆ ಎಂದುಕೊಂಡು ಬಂದು ಎದುರು ಕೂತ. ಅವನು ಹಿಡಿದ, ನಾನು ಬಡಿದೆ. ಅವನ ಮಣಿಕಟ್ಟು ದಪ್ಪ, ಹಿಡಿತ ಗಟ್ಟಿ. ಪಂಪು ಕಲ್ಲಿನಲ್ಲಿ ಹೂತ ಹಾಗೆ ನಿಂತಿತು. ಅದಕ್ಕೂ ನನಗೆ ಕಿಚ್ಚಾಯಿತು.

“ಮಿಲಿಟರಿಯಲ್ಲಿ ಇದನ್ನೆಲ್ಲ ನೀನು ಎಷ್ಟು ಸಲ ಮಾಡಿರ್ಬಹುದು,” ಅಂದೆ, ಕುಟುಕುವ ಹಾಗೆ.

“ಒಮ್ಮೆಯೂ ಇಲ್ಲ ಅಣ್ಣ.” ಅವನು ತಲೆ ಎತ್ತಲಿಲ್ಲ. “ಅಲ್ಲಿ ಗಾಡಿ ಕೆಟ್ರೆ ಬದಿಗೆ ತಳ್ಳಿ ಇನ್ನೊಂದು ಹತ್ತುದು. ರಿಪೇರಿಯವರು ಬೇರೆ. ನನಗೆ ಬಾನೆಟ್ಟಿನ ಒಳಗೆ ಎಂತ ಉಂಟೂಂತ ಸರಿಯಾಗಿ ಗೊತ್ತಿಲ್ಲ. ಈ ಗಾಡಿ ಸೋರ್ಲಿಕ್ಕೆ ಶುರುವಾದ ಮೇಲೆ ನನಗೆ ಹೆದರಿಕೆ. ಮಾವನಿಗೆ ಗೊತ್ತಾದ್ರೆ, ಇವ ಬರೀ ಓಡಿಸುವವ, ಬೇರೆ ಎಂತದೂ ಬರುದಿಲ್ಲ ಅಂದುಕೊಳ್ತಾರೆ.”

ಕನಿಕರ ಬರಬೇಕಾದ ಜಾಗ ಅದು. ನನಗೆ ಬರಲಿಲ್ಲ. ಒಳಗೆಲ್ಲೋ ತಂಪಾದ ಗಾಳಿ ಬೀಸಿದಂತಾಯಿತು. ನಾನು ಸುತ್ತಿಗೆ ಎತ್ತಿ, ಗುರುತಿಗೆ ಸರಿಯಾಗಿ ನಿಲ್ಲುವಂತೆ ಕೊನೆಯ ಪೆಟ್ಟು ಹಾಕಿದೆ. “ಹೊಸ ಸೀಲು ನೆಟ್ಟಗೆ ಕೂತಿದೆ,” ಅಂದೆ. ಅಷ್ಟೇ ಅಂದೆ.

ಪಂಪಿಗೂ ಎಂಜಿನ್ನಿಗೂ ನಡುವೆ ಇಡಲಿಕ್ಕೆ ದಪ್ಪ ರಟ್ಟನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿದ್ದೆ. ಅದನ್ನಿಟ್ಟು ಬೋಲ್ಟುಗಳನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಫ್ಯಾನು, ಬೆಲ್ಟು, ನೀರು. ತಮ್ಮ ಕಾಲಿನಿಂದ ಗುಂಡಿ ಒತ್ತಿದ. ಎಂಜಿನ್ ಎದ್ದಿತು. ಮಾವ, ಅಮ್ಮ, ಹೆಂಡತಿ, ನೆರೆಮನೆಯವರು ಎಲ್ಲರೂ ಅಂಗಳಕ್ಕೆ ಬಂದರು. ಕೂಳೂರಿನ ಹಬೆ ಎಲ್ಲರ ನೆನಪಿನಲ್ಲಿತ್ತು.

“ಒಂದು ಸುತ್ತು ಹೋಗಿ ಬಾ,” ಅಂದರು ಮಾವ. ಈ ಸಲ ನಾನು ಮುಂದೆ ಕೂತೆ. ಕೊಡಿಯಾಲ್‌ಬೈಲಿನ ಗದ್ದೆಗಳಲ್ಲಿ ಪೈರು ಕೊಯ್ದು ಆಗಿತ್ತು. ತಮ್ಮ ರಸ್ತೆ ಬಿಟ್ಟು ಗದ್ದೆಗಿಳಿಸಿ, ಗದ್ದೆಯಂಚಿನ ಹುಣಿ ಹಾರಿಸಿ, ಗುಡ್ಡೆಯ ಏರು ಹತ್ತಿಸಿ ಇಳಿಸಿದ. ಕಾವು ತೋರಿಸುವ ಮುಳ್ಳಿನ ಮೇಲೆಯೇ ನನ್ನ ಕಣ್ಣು. ಅದು ನಡುಮಧ್ಯೆ ಬಂದು ನಿಂತದ್ದು ಮತ್ತೆ ಮೇಲೇರಲಿಲ್ಲ. ಮನೆಗೆ ಬಂದು ನಿಂತ ಮೇಲೆ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕೇಳದೆ ಬಗ್ಗಿ, ಪಂಪಿನ ಕೆಳಗೆ ಬೆರಳಾಡಿಸಿ ನನಗೆ ತೋರಿಸಿದಳು.

“ನೋಡಿ, ಒಣಗಿದೆ.”

ಆ ಒಂದು ಕ್ಷಣ ನಾನು ಗೆದ್ದಿದ್ದೆ. ಅಷ್ಟರಲ್ಲಿ ತಮ್ಮ ಎಲ್ಲರಿಗೂ ಕೇಳುವಂತೆ ಹೇಳಿದ, “ಮಾವ, ಇದು ಪೂರಾ ಅಣ್ಣನ ಕೆಲಸ. ನಾನು ಹಿಡಿದದ್ದು ಮಾತ್ರ. ನನಗೆ ಇದರಲ್ಲಿ ಎಂತದೂ ಗೊತ್ತಿಲ್ಲ.”

ಹೆದರಿಕೆ ಎಂದು ನನಗೆ ಹೇಳಿದ್ದನ್ನು ಅವನೇ ಅಂಗಳದಲ್ಲಿ ಬಿಚ್ಚಿಟ್ಟುಬಿಟ್ಟ. ಮಾವ ಅವನ ಬೆನ್ನು ತಟ್ಟಿದರು. “ಇದು ನೋಡು ಮನಸ್ಸು! ಇಲ್ಲದ್ದನ್ನು ಉಂಟೂಂತ ಹೇಳುವವ ಅಲ್ಲ ಇವ.” ಅಮ್ಮ ಕಣ್ಣೊರೆಸಿಕೊಂಡಳು. ನೆರೆಮನೆಯವರು ತಲೆದೂಗಿದರು. ಗೀರು ಉಜ್ಜಿ ಗುಳ್ಳೆ ಬಂದ ಕೈ ನನ್ನದು, ಹೊಗಳಿಕೆ ಹೋದದ್ದು ಅವನ ಮನಸ್ಸಿಗೆ. ನಾನು ಬಾವಿಕಟ್ಟೆಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯುತ್ತ ಬಹಳ ಹೊತ್ತು ನಿಂತೆ.

ಹೆಂಡತಿ ನೀರು ಸೇದಿ ಕೊಡಲಿಕ್ಕೆ ಬಂದಳು. ನನ್ನ ಮುಖ ನೋಡಿ, “ಎಂತಾಯ್ತು?” ಅಂದಳು.

“ಹೋಗು. ನಾಳೆ ಕಾಟಿಪಳ್ಳಕ್ಕೆ ಹೋಗ್ಲಿಕ್ಕೆ ಗಾಡಿ ತಯಾರಾಗಿದೆ. ಅವ ಓಡಿಸ್ತಾನೆ, ನೀನು ಕಣ್ಣು ಮುಚ್ಚಿಕೋ.”

ಅವಳು ಕೊಡಪಾನ ಕೆಳಗಿಟ್ಟಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಕೆಂಪಾಯಿತು, ಸಿಟ್ಟಿನಿಂದ. ಆಮೇಲೆ ಆ ಸಿಟ್ಟೇ ನಗುವಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು.

“ಅಯ್ಯೋ ದೇವರೇ! ನಾನು ನನ್ನ ತಂಗಿಗೆ ನೋಡಿದ್ದು ಮಾರಾಯ್ರೆ! ಕುಡಿತಾನಾ, ಸಿಟ್ಟುಂಟಾ ಅಂತ ಮತ್ತೆಂತಕ್ಕೆ ಕೇಳುದು? ಅತ್ತೆಗೆ ಗೊತ್ತುಂಟು, ನನ್ನಮ್ಮನಿಗೂ ಗೊತ್ತುಂಟು. ಅವನಿಗೂ ಅವಳನ್ನು ಕಂಡು ಮನಸ್ಸಾಗಿದೆ. ನಿಮಗೆ ಹೇಳುವ ಅಂದ್ರೆ ನೀವು ಅವನ ಹೆಸರು ಎತ್ತಿದ ಕೂಡ್ಲೇ ಗೋಡೆಗೆ ತಿರುಗ್ತೀರಿ!”

ಹಗುರಾಗಬೇಕಿತ್ತು. ಆ ಒಂದು ವಿಷಯದಲ್ಲಿ ಹಗುರಾದೆ ಕೂಡ. ಆದರೆ ಅವನು ಇನ್ನು ನನ್ನ ಹೆಂಡತಿಯ ತವರಿಗೂ ಅಳಿಯನಾಗಿ ಬರುತ್ತಾನೆ, ಅಲ್ಲೂ ನನ್ನ ಪಕ್ಕದ ಎಲೆಗೆ ಕೂರುತ್ತಾನೆ ಎಂದು ಹೊಳೆದದ್ದು ಅದೇ ಗಳಿಗೆಯಲ್ಲಿ.

ಅದೇ ವೈಶಾಖದಲ್ಲಿ ಮದುವೆ. ಅಷ್ಟರೊಳಗೆ ಅವನೇ ನನಗೆ ಓಡಿಸಲಿಕ್ಕೆ ಕಲಿಸಿದ್ದ, ಕೊಯ್ದ ಗದ್ದೆಗಳಲ್ಲಿ. ಒಮ್ಮೆಯೂ ಬೇಸರಿಸಲಿಲ್ಲ. ಮದುಮಗ ತಾನೇ ಗಾಡಿ ಓಡಿಸುವ ಹಾಗಿಲ್ಲವಲ್ಲ, ದಿಬ್ಬಣದ ಜೀಪು ಓಡಿಸಿದವನು ನಾನು. ಹೊಳೆಯಲ್ಲಿ ದೋಣಿಯ ಹಲಗೆಗೆ ಹತ್ತಿಸುವಾಗ ಗಾಡಿ ಒಮ್ಮೆ ಜೋರಾಗಿ ಕುಲುಕಿತು. ಪೇಟ ಸರಿಮಾಡಿಕೊಂಡು ಮದುಮಗ, “ಅಡ್ಡಿಲ್ಲ ಅಣ್ಣ, ಚೆಂದ ಹತ್ತಿಸಿದಿರಿ,” ಅಂದ. ಕಾಟಿಪಳ್ಳದಲ್ಲಿ ಹೆಣ್ಣಿನ ಕಡೆಯವರು ಜೀಪನ್ನು ಮುತ್ತಿಕೊಂಡು, ಈ ಗಾಡಿಯನ್ನು ಘಟ್ಟದ ಮೇಲಿನಿಂದ ಇಳಿಸಿ ತಂದದ್ದು ನಮ್ಮ ಹೊಸ ಅಳಿಯನೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾನು ಕೆಳಗಿಳಿದು ಬಾನೆಟ್ ಎತ್ತಿ, ಅಗತ್ಯವಿಲ್ಲದಿದ್ದರೂ ಪಂಪು ನೋಡಿದೆ.

ಆಮೇಲಿನ ದಿನಗಳಲ್ಲಿ ಮಾವ ತೀರಿದರು. ಮನೆಯ ಹಿರಿಯರು ಕೂತು ಪಾಲು ಮಾಡಿದಾಗ ಡಿಪೊ ಮತ್ತು ಫಳ್ನೀರಿನ ಮನೆ ನನಗೆ ಬಂತು, ಗುಡ್ಡದ ಕೆಲಸ ಮತ್ತು ಜೀಪು ಅವನಿಗೆ. ನನ್ನದು ದೊಡ್ಡ ಪಾಲು ಎಂದು ಎಲ್ಲರೂ ಅಂದರು, ಅದು ನಿಜವೂ ಹೌದು. ಆದರೂ ಅವನು ಗಾಡಿ ಹತ್ತಿ ಗೇಟು ದಾಟುವಾಗ, ಕಳಕೊಂಡವನು ನಾನೇ ಎಂದು ನನಗನಿಸಿತು.

ಅವನು ಕಾಟಿಪಳ್ಳದ ಹತ್ತಿರವೇ ಮನೆ ಮಾಡಿದ. ಗಾಡಿಗೆ ಏನಾದರೂ ಆದರೆ ಬೇರೆ ಯಾರ ಹತ್ತಿರವೂ ಹೋಗುವವನಲ್ಲ, ಹೊಳೆ ದಾಟಿ ನನ್ನ ಹತ್ತಿರವೇ ತರುತ್ತಿದ್ದ. ಅಷ್ಟು ಹೊತ್ತಿಗೆ ಊರಿನ ಇತರ ಜೀಪಿನವರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದರಿನ ಸಾಹೇಬರೇ ಸಾಮಾನು ಒದಗಿಸುತ್ತಿದ್ದರು. ತಮ್ಮ ಬಂದ ದಿನ ಮಾತ್ರ ನಾನು ಬೇರೆ ಯಾರ ಗಾಡಿಯನ್ನೂ ಮುಟ್ಟುತ್ತಿರಲಿಲ್ಲ. ಅವನ ಗಾಡಿಯ ಕೆಳಗೆ ಗೋಣಿ ಹಾಸಿ ಅಂಗಾತ ಮಲಗುತ್ತಿದ್ದೆ. ಅವನು ಹಿಡಿಯಲಿಕ್ಕೆ ಬರುತ್ತೇನೆ ಎನ್ನುತ್ತಿದ್ದ, ಬೇಡ, ಒಳಗೆ ಹೋಗು ಎನ್ನುತ್ತಿದ್ದೆ. ಅಮ್ಮ ಅವನನ್ನು ಜಗಲಿಯಲ್ಲಿ ಕೂರಿಸಿ, ಮಕ್ಕಳ ಸುದ್ದಿ ಕೇಳುತ್ತ, ಬಿಸಿ ಬಿಸಿ ಗೋಳಿಬಜೆ ಒಂದೊಂದೇ ಹಾಕುತ್ತಿದ್ದಳು. ಅವನೇನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಮುದುಕಿಯಾದ ಮೇಲೆ ಅವಳು ಅಷ್ಟು ನಗುತ್ತಿದ್ದುದು ಅವನು ಬಂದಾಗ ಮಾತ್ರ. ನಾನು ಕಿವಿ ಅತ್ತ ಕೊಟ್ಟು, ಬೋಲ್ಟನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಬಿಗಿಯುತ್ತಿದ್ದೆ.